ಜಟ್ಟಪ್ಪನ ಪರಮ ರಹಸ್ಯ

ಕಾಡಿನಂಚಿನಲ್ಲಿ ಒಂದು ಹೊಂಗೆಮರ. ಅದರ ಬುಡದಲ್ಲಿ ಇಲಿಗಳ ಊರು. ಊರೆಂದರೆ ಮಕ್ಕಳೇ, ಮೇಲಿಂದ ನೋಡಿದವರಿಗೆ ಕಾಣುವುದು ಒಂದೇ ಒಂದು ಬಿಲದ ಬಾಯಿ. ಒಳಗೆ ಹೊಕ್ಕರೆ ಬೀದಿ, ಓಣಿ, ಉಗ್ರಾಣ, ಬಾಣಂತಿ ಕೋಣೆ ಎಲ್ಲವೂ ಉಂಟು. ಅದಲ್ಲದೆ ಮೂರು ಕಳ್ಳಗಿಂಡಿಗಳೂ ಇದ್ದವು. ಹೊರಗಿನವರಿಗೆ ಕಾಣದಂತೆ ಅವುಗಳ ಬಾಯಿಗೆ ತೆಳ್ಳಗೆ ಮಣ್ಣು ಮುಚ್ಚಿರುತ್ತಿದ್ದರು. ಮುಂಬಾಗಿಲಿಂದ ಹಾವು ನುಗ್ಗಿತೋ, ಕಿಂಡಿಯ ಮಣ್ಣಿಗೆ ತಲೆಯಿಂದ ಒಂದು ಗುದ್ದು ಕೊಟ್ಟು ಆಚೆ ಜಿಗಿಯುವುದು. ಹಾಲು ಕುಡಿಯುವ ಮರಿಗೂ ಈ ದಾರಿ ಗೊತ್ತಿತ್ತು.

ಈ ಊರಿನಲ್ಲಿ ಜಟ್ಟಪ್ಪನೆಂಬ ಇಲಿಯಿದ್ದ. ಮೊದಲು ಅವನು ಮುಂಬಾಗಿಲ ಕಾವಲುಗಾರ. ಕಣ್ಣು ಚುರುಕು, ಕಿವಿ ಇನ್ನೂ ಚುರುಕು. ಒಳ್ಳೆಯ ಕೆಲಸಗಾರನೆಂದು ಊರಿನವರು ಅವನನ್ನು ಕಾವಲುಪಡೆಯ ನಾಯಕನನ್ನಾಗಿ ಮಾಡಿದರು. ಕೆಲವು ಸುಗ್ಗಿ ಕಳೆದ ಮೇಲೆ ಇಡೀ ಊರಿನ ರಕ್ಷಣಾಧಿಕಾರಿಯ ಪಟ್ಟವನ್ನೂ ಕಟ್ಟಿದರು. ಅಲ್ಲಿಗೆ ಜಟ್ಟಪ್ಪನಿಗೆ ಕೊಂಬು ಬಂತು. ಬೆಳಗಿನ ಅರ್ಧ ಹೊತ್ತು ಮೀಸೆ ತೀಡುವುದರಲ್ಲೇ ಹೋಗುತ್ತಿತ್ತು.

ಒಂದು ದಿನ ಮೀಸೆ ತೀಡುತ್ತಲೇ ಅವನಿಗೆ ಹೊಳೆಯಿತು: 'ಎಲ್ಲರಿಗೂ ಗೊತ್ತಿರುವುದು ರಹಸ್ಯ ಹೇಗಾದೀತು?'

ಕೂಡಲೇ ಮೂರು ಕಿಂಡಿಗಳನ್ನೂ ಕಲ್ಲು ತುಂಬಿಸಿ ಮುಚ್ಚಿಸಿದ. ಯಾರಿಗೂ ತಿಳಿಯದ ಜಾಗದಲ್ಲಿ ತಾನೊಬ್ಬನೇ ಕೂತು ಹೊಸದೊಂದು ಕಿಂಡಿ ತೋಡಿದ. ಉಗುರು ಸವೆಯಿತು, ಮೀಸೆಯೆಲ್ಲ ಮಣ್ಣಾಯಿತು. ಆದರೂ ಅವನಿಗೆ ಹಿಗ್ಗೋ ಹಿಗ್ಗು.

ಊರಿಗೇ ಹಿರಿಯಳಾದ ಕೆಂಚಜ್ಜಿ ಕೇಳಿದಳು. "ಅಲ್ಲ ಕಣೋ ಜಟ್ಟ, ಹಾವು ಬಂದ್ರೆ ನಾವು ಯಾವ ಕಡೆ ಓಡ್ಬೇಕು?"

"ಜಟ್ಟ ಅಲ್ಲ, ಸಾಹೇಬ್ರೇ ಅನ್ನಬೇಕು ಅಜ್ಜಿ. ಹಾವು ಬಂದಾಗ ನನ್ನನ್ನು ಕೇಳಿ, ಹೇಳ್ತೀನಿ."

"ನೀನು ಆಗ ಊಟಕ್ಕೆ ಕೂತಿದ್ರೆ?"

"ಊಟ ಮುಗಿಸಿ ಹೇಳ್ತೀನಿ."

ಮನೆಯಲ್ಲಿ ಅವನ ಹೆಂಡತಿ ಚೆಲುವಿಯೂ ಕೇಳಿ ನೋಡಿದಳು. "ನನಗೂ ಹೇಳಲ್ವೇನ್ರೀ? ಐದು ಮರಿ ಕಟ್ಟಿಕೊಂಡು ನಾನೆಲ್ಲಿ ಹೋಗಲಿ?"

"ಪರಮ ರಹಸ್ಯ ಕಣೇ! ಹೆಂಡತಿ ಅಂತ ರಿಯಾಯಿತಿ ಕೊಡೋಕಾಗಲ್ಲ," ಎಂದು ಜಟ್ಟಪ್ಪ ಮಗ್ಗುಲು ಬದಲಿಸಿದ.

ಕಿಂಡಿ ಮುಚ್ಚಿದೆಯೋ ಇಲ್ಲವೋ ಎಂಬ ಚಿಂತೆ ಮಾತ್ರ ಅವನನ್ನು ಬಿಡಲೊಲ್ಲದು. ದಿನಕ್ಕೆ ಮೂರು ಸಲ ಹೊರಗಿನಿಂದ ಸುತ್ತಿಕೊಂಡು ಹೋಗಿ ನೋಡುವನು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಹೋಗೀ ಬಂದೂ ಹುಲ್ಲು ಸವೆದು ಅಲ್ಲೊಂದು ಕಾಲುದಾರಿಯೇ ಬಿತ್ತು. ಅದು ಊರವರ ಕಣ್ಣಿಗೆ ಬೀಳಬಾರದಲ್ಲ? "ಆ ಕಡೆ ಯಾರೂ ನೋಡಕೂಡದು" ಎಂದು ಆಜ್ಞೆ ಹೊರಡಿಸಿದ. ಪಾಪ, ಇಲಿಗಳು ಕತ್ತು ತಿರುಗಿಸದೆ ಓಡಾಡಿದವು. ಹಾವಿಗೆ ಮಾತ್ರ ಆ ಆಜ್ಞೆ ತಲುಪಿರಲಿಲ್ಲ.

ಒಂದು ಮಟಮಟ ಮಧ್ಯಾಹ್ನ ಕಾವಲಿನವನು ಒಳಗೆ ಓಡಿಬಂದ. "ಕೇರೆಹಾವು! ಹುಲ್ಲಲ್ಲಿ ಕೇರೆಹಾವು!"

ಊರೆಲ್ಲ ಗೊಳೋ ಎಂದಿತು. ಜಟ್ಟಪ್ಪ ಎದೆಯುಬ್ಬಿಸಿ ನಿಂತ. "ಹೆದರಬೇಡಿ! ಹಾವು ಮುಂಬಾಗಿಲಿಗೇ ಬರೋದು. ನನ್ನ ಕಿಂಡಿ ಯಾರಿಗೂ ಗೊತ್ತಿಲ್ಲ. ಎಲ್ಲರೂ ಸಾಲಾಗಿ ನಿಲ್ಲಿ. ಮುಂದಿನವರ ಬಾಲ ಬಾಯಲ್ಲಿ ಹಿಡಿದುಕೊಳ್ಳಿ. ಮುಖ್ಯವಾದ ಮಾತು, ಕಣ್ಣು ಮುಚ್ಚಿಕೊಂಡು ಬನ್ನಿ. ದಾರಿ ಯಾರಿಗೂ ತಿಳಿಯಬಾರದು!"

ಹೊರಟಿತು ಮೆರವಣಿಗೆ! ಮುಂದೆ ಜಟ್ಟಪ್ಪ, ಅವನ ಹಿಂದೆ ಐದು ಮರಿ, ಆಮೇಲೆ ಚೆಲುವಿ, ಹಿಂದೆ ಇಡೀ ಊರು, ಕಟ್ಟಕಡೆಗೆ ಕೆಂಚಜ್ಜಿ. ಎರಡು ತಿರುವು ದಾಟಿದರು. ಮೂರನೆಯ ತಿರುವಿನಲ್ಲಿ ಜಟ್ಟಪ್ಪ ಗಕ್ಕನೆ ನಿಂತ. ಎದುರಿಗೆ ಎರಡು ಕಣ್ಣು ಮಿನುಗುತ್ತಿದ್ದವು. ಕೇರೆಹಾವು ಕಿಂಡಿಯಿಂದಲೇ ಒಳಗೆ ಬಂದಿತ್ತು.

ಜಟ್ಟಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಅಧಿಕಾರಿಯಲ್ಲವೇ, ಕೇಳಿಯೇಬಿಟ್ಟ. "ಈ ದಾರಿ ನಿನಗೆ ಹೇಗೆ ಗೊತ್ತಾಯ್ತು? ಇದು ಪರಮ ರಹಸ್ಯ!"

"ದಿನಕ್ಕೆ ಮೂರು ಸಲ ತೋರಿಸಿದ್ದು ನೀವೇ ಅಲ್ವೇ ಸಾಹೇಬ್ರೇ?" ಎಂದು ಹಾವು ನಾಲಿಗೆ ಚಾಚಿತು. "ಒಂದು ಮಧ್ಯಾಹ್ನವೂ ತಪ್ಪಿಸಲಿಲ್ಲ. ಅಬ್ಬಾ, ನಿಮ್ಮ ಶಿಸ್ತೇ ಶಿಸ್ತು! ಅದು ಸರಿ, ಊಟವನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಬಂದಿದ್ದೀರಲ್ಲ!"

ಸಾಲಿನ ಕೊನೆಯಲ್ಲಿದ್ದ ಕೆಂಚಜ್ಜಿಗೆ ಆ ದನಿ ಕೇಳಿಸಿತು. ಬಾಯಲ್ಲಿದ್ದ ಬಾಲ ಉಗುಳಿ ಕಿರುಚಿದಳು. "ಕಣ್ಣು ಬಿಡ್ರೋ! ಹಾವು ಇಲ್ಲೇ ಇದೆ! ಮುಂಬಾಗಿಲು ಖಾಲಿ, ಅಲ್ಲಿಗೆ ಓಡ್ರೋ!"

ಮುಂಬಾಗಿಲು ಎಲ್ಲರಿಗೂ ಗೊತ್ತಿದ್ದ ದಾರಿ. ಇಲಿಗಳು ಕಾಲಿಗೆ ಬುದ್ಧಿ ಹೇಳಿದವು. ಮರಿಗಳು ಮಾತ್ರ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಅದನ್ನು ಕಂಡು ಜಟ್ಟಪ್ಪನ ಕರುಳು ಕಿತ್ತುಬಂತು. ಪಟ್ಟ, ಮೀಸೆ, ರಹಸ್ಯ ಎಲ್ಲ ಮರೆತ. ಸುರಂಗಕ್ಕೆ ಅಡ್ಡವಾಗಿ ಮೈಯುಬ್ಬಿಸಿ ನಿಂತು, ಹಾವಿನ ಮುಖಕ್ಕೆ ಕಾಲಿಂದ ಮಣ್ಣು ಎರಚಿದ. ಚೆಲುವಿ ಐದನೆಯ ಮರಿಯನ್ನು ಎತ್ತಿಕೊಂಡು ತಿರುವು ದಾಟುವವರೆಗೂ ಎರಚುತ್ತಲೇ ಇದ್ದ. ಆಮೇಲೆ ತಿರುಗಿ ಓಡಿದ. ಹಾವು ಬಾಯಿ ಹಾಕಿತು. ಅದಕ್ಕೆ ಸಿಕ್ಕಿದ್ದು ಜಟ್ಟಪ್ಪನ ಬಾಲ ಮಾತ್ರ.

ಹಾವು ಇಡೀ ಬಿಲ ಹುಡುಕಿ, ಬೇಸತ್ತು ಹೊರಟುಹೋಯಿತು. ಮುಳ್ಳುಪೊದೆಯಲ್ಲಿ ಅಡಗಿದ್ದ ಇಲಿಗಳು ಒಂದೊಂದಾಗಿ ಹೊರಗೆ ಬಂದವು. ಎಣಿಸಿ ನೋಡಿದರೆ ಒಂದೂ ಕಡಿಮೆಯಿಲ್ಲ.

ಜಟ್ಟಪ್ಪ ತಲೆ ತಗ್ಗಿಸಿ ಹೇಳಿದ. "ಅಜ್ಜಿ, ಈ ಕೆಲಸ ನನಗೆ ಬೇಡ. ಬಿಟ್ಟುಬಿಡ್ತೀನಿ."

"ಹಾಗೆಲ್ಲ ಬಿಡೋಕಾಗಲ್ಲ," ಎಂದಳು ಕೆಂಚಜ್ಜಿ. "ಮೊದಲು ಮೂರು ಕಿಂಡಿ ತೋಡು. ಆಮೇಲೆ ಊರಿನ ಮರಿಗಳನ್ನೆಲ್ಲ ಕರ್ಕೊಂಡು ಹೋಗಿ ತೋರಿಸು."

ಜಟ್ಟಪ್ಪ ತೋಡಿದ. ಮರಿಗಳನ್ನೆಲ್ಲ ಕರೆದುಕೊಂಡು ಹೋಗಿ ಒಂದೊಂದನ್ನೂ ತೋರಿಸಿದ. ಮೂರನೆಯ ಕಿಂಡಿಯ ಬಳಿ ಒಂದು ಪುಟಾಣಿ ಮರಿ ಕೇಳಿತು. "ಸಾಹೇಬ್ರೇ, ನಿಮ್ಮ ಬಾಲ ಎಲ್ಲಿ ಹೋಯ್ತು?"

ಜೊತೆಗಿದ್ದ ಕಾವಲಿನವರು ಕಕ್ಕಾಬಿಕ್ಕಿಯಾಗಿ ಆಕಾಶ ನೋಡಿದರು. ಜಟ್ಟಪ್ಪ ಮರಿಯ ಪಕ್ಕದಲ್ಲಿ ಕುಳಿತ.

"ನಿಮಗೆ ಹೇಳಬೇಕಾದ ದಾರೀನ ಹಾವಿಗೆ ತೋರಿಸಿಕೊಟ್ಟೆ ಮರಿ," ಎಂದ. "ಅದರಲ್ಲಿ ಹೋಯ್ತು."

ನೀತಿ: ನಮ್ಮವರಿಂದಲೇ ಬಚ್ಚಿಟ್ಟ ರಕ್ಷಣೆ ಕೊನೆಗೆ ಶತ್ರುವಿಗಷ್ಟೇ ಉಪಯೋಗಕ್ಕೆ ಬರುತ್ತದೆ.