ಒಲೆಯ ಮೇಲೆ ಕೂತ ತೀರ್ಮಾನ

ಒಂದಾನೊಂದು ಊರಿತ್ತು ಅನ್ನಿ. ಇರಲಿಲ್ಲ ಅಂದರೂ ನಡೀತದೆ, ರೊಟ್ಟಿಯಂತೂ ಇತ್ತು. ಆ ರೊಟ್ಟಿ ತಿಪ್ಪವ್ವನ ಖಾನಾವಳಿಯದು.

ತಿಪ್ಪವ್ವನ ಒಲೆಗೆ ಬಾಯಿತ್ತು, ಬಾಯಿಗೆ ಸಿಟ್ಟಿತ್ತು. ಉಣ್ಣುವವರು "ಸಾಕು" ಅಂದರೆ ಅದಕ್ಕೆ ಅವಮಾನ. "ಸಾಕಂತೀಯಾ? ತಗೋ!" ಅಂತ ಇನ್ನೆರಡು ರೊಟ್ಟಿ ಪುಕ್ಕಟೆ ಎಸೀತಿತ್ತು. ಹೀಗೆ ಎಸೆದು ಎಸೆದು ತಿಪ್ಪವ್ವ ದಿವಾಳಿ ಎದ್ದಳು.

ಸಾಲ ಕೊಟ್ಟವರು ಮೂವರು. ಜೋಳದ ಅಡಿವೆಪ್ಪನಿಗೆ ನಲವತ್ತು ಸೇರು ಬಾಕಿ. ಕಟ್ಟಿಗೆಯ ಹುಸೇನಸಾಬನಿಗೆ ಒಂಬತ್ತು. ಬದನೆಕಾಯಿ ತಂಗೆವ್ವನಿಗೆ ಮೂರು.

"ಒಲಿ ಒಡದು ಮಣ್ಣು ಒಯ್ದು ನಮ್ಮನಿ ನೆಲಕ್ಕ ಬಳೀತೀನಿ," ಅಂತ ಅಡಿವೆಪ್ಪ ಸಂತೆಯೆಲ್ಲ ಸಾರಿದ್ದ. ಗಂಡ ಸತ್ತ ಮೇಲೆ ತಿಪ್ಪವ್ವನ ಜೊತೆ ಮಾತಾಡುವ ಜೀವ ಆ ಒಲೆಯೊಂದೇ.

ಆ ರಾಜ್ಯದ ರಾಜನಿಗೆ ಗದ್ದಲ ಅಂದರೆ ಕಿವಿಯಲ್ಲಿ ಇರುವೆ ಹೊಕ್ಕ ಹಾಗೆ. ಅದಕ್ಕೇ ಅವನೊಂದು ಕಾಯಿದೆ ಮಾಡಿದ್ದ: ದಿವಾಳಿ ಸಭೆಯಲ್ಲಿ ಸಾಲ ಕೊಟ್ಟವರಿಗೆ ಒಂದು ಸೇರು ಬಾಕಿಗೆ ಒಂದು ಹುಣಸೆ ಬೀಜ. ಒಂದು ಪದ ಆಡಿದರೆ ಒಂದು ಬೀಜ ವಾಪಸ್. ಅಲ್ಲೇನಾದರೂ ತಿಂದರೆ ರೊಟ್ಟಿಗೊಂದು ಬೀಜ ಕಟ್. ಬೀಜ ಮುಗಿದವರು ಬಾಯಿ ಮುಚ್ಚಬೇಕು. ಕಟ್ಟಕಡೆಯ ಪದ ಯಾರದೋ ತೀರ್ಪು ಅವರದು.

ರಾಜನ ಗುಮಾಸ್ತ ಬಂದು ಖಾನಾವಳಿಯಲ್ಲೇ ಬೀಜ ಹಂಚಿದ.

"ಒಲಿ ಉರೀಲಿ ಬಿಡ್ರಿ," ಅಂದಳು ತಂಗೆವ್ವ. ಮೂರು ಬೀಜ ಖಲಾಸ್.

"ಒಡದ ಒಲಿ ಮಣ್ಣಿನಾಗ ನನ್ನ ಪಾಲು ಎಷ್ಟು ಬರ್ತದೋ ಏನೋ ಯಪ್ಪಾ!" ಅಂದ ಹುಸೇನಸಾಬ. ಚಿಂತೆಯಲ್ಲೇ ಒಂಬತ್ತೂ ಹೋದವು. ಪಾಪ, ಒಲೆ ಉಳಿಯಬೇಕೋ ಬೇಡವೋ ಅನ್ನುವುದನ್ನೇ ಹೇಳಲಿಲ್ಲ.

ಅಡಿವೆಪ್ಪ ಮೀಸೆ ತಿರುವುತ್ತ ಸುಮ್ಮನೆ ಕೂತ. ನಲವತ್ತು ಬೀಜ ಇರುವವನಿಗೆ ಅವಸರವೇನು? ಅಷ್ಟರಲ್ಲಿ ಎಣಗಾಯಿ ಘಮ್ಮಂತು. ಯಾರೇ ಆಗಲಿ, ಬಂದವರಿಗೆ ತಿಪ್ಪವ್ವ ಬಡಿಸದೆ ಇರುವುದು ಹೇಗೆ? ಬಡಿಸಿದಳು. ಅಡಿವೆಪ್ಪ ಒಂಬತ್ತು ರೊಟ್ಟಿ ಹೊಡೆದ. ಉಳಿದದ್ದು ಮೂವತ್ತೊಂದು.

"ಸಾಕು," ಅಂದ.

"ಸಾಕಂತೀಯಾ? ತಗೋ!" ಎರಡು ರೊಟ್ಟಿ ಬಿದ್ದವು. ಬಡಿಸಿದ್ದನ್ನು ಬಿಡುವುದು ಆ ಊರಲ್ಲಿ ಮಹಾಪಾಪ. ತಿಂದ. ಆಡಿದ್ದಕ್ಕೊಂದು, ತಿಂದದ್ದಕ್ಕೆರಡು, ಮೂರು ಬೀಜ ಹೋದವು.

"ಸಾಕು!" ಮತ್ತೆರಡು ರೊಟ್ಟಿ. ಮತ್ತೆ ಮೂರು ಬೀಜ.

"ಸಾಕು!!" ಮತ್ತೆರಡು.

"ಒಲಿಯವ್ವಾ, ಬಾಯಿ ಮುಚ್ಚ! ಸಿಟ್ಟಿಗೆದ್ದಾನು," ಅಂತ ತಿಪ್ಪವ್ವ ಗೋಗರೆದಳು. ಒಲೆ ಕೇಳೀತೇ?

ಹತ್ತು ಸಲ ಸಾಕಂದ, ಇಪ್ಪತ್ತು ರೊಟ್ಟಿ ತಿಂದ. ಹೊಟ್ಟೆ ಮೊಣಕಾಲಿಗೆ ಬಂತು. ಅಂಗೈಯಲ್ಲಿ ಒಂದೇ ಒಂದು ಬೀಜ. ಕೆಂಡದಂಥ ಸಿಟ್ಟಿನಲ್ಲಿ ಎದ್ದು ನಿಂತು ಬೆರಳು ತೋರಿಸಿ ಕೂಗಿದ:

"ಒಲಿ—"

ಗುಮಾಸ್ತ ಟಪ್ಪಂತ ಬೀಜ ಕಸಿದುಕೊಂಡ. ಅಡಿವೆಪ್ಪ ಬಾಯಿ ತೆರೆದ, ಮುಚ್ಚಿದ. ಕೈಯಿಂದ ಒಡೆಯುವ ಸನ್ನೆ ಮಾಡಿದ.

"ಸನ್ನಿ ನಡೆಯಂಗಿಲ್ಲ," ಅಂದ ಗುಮಾಸ್ತ. "ಸಾಲ ಕೊಟ್ಟವರ ತೀರ್ಮಾನ: ಒಲಿ." ಬರೆದು ಮುದ್ರೆ ಒತ್ತಿದ.

"ಒಲಿ ಅಂದ್ರ ಏನ್ ಮಾಡ್ಲಿರಿ?" ತಿಪ್ಪವ್ವ ಕೇಳಿದಳು.

ಗುಮಾಸ್ತ ತಲೆ ಕೆರೆದುಕೊಂಡ. "ಒಲಿಗೆ ಏನ್ ಮಾಡ್ತಾರವ್ವ? ಹಚ್ಚತಾರ. ನನಗೂ ಎರಡು ಹಾಕು."

ತಿಪ್ಪವ್ವ ಅಳುತ್ತ ನಗುತ್ತ ಕಟ್ಟಿಗೆ ತುರುಕಿದಳು.

ಕೇಳಿದಿರಲ್ಲ, ಇದರ ನೀತಿ ಇಷ್ಟೇ: ಒಬ್ಬರ ಮನೆ ಮುಳುಗಿಸಲು ಹೋಗುವಾಗ ನಿಮ್ಮ ಮನೆಯಲ್ಲಿ ಉಂಡು ಹೋಗಿ. ಕತೆ ಆರಿತು, ನೀವೂ ಏಳಿ.