ತಕ್ಕಡಿಗೆ ಹಾಕದ ಪಾಠ

ಹೊಂಗೆಪುರದ ಬೊಕ್ಕಸ ನೋಡಿಕೊಳ್ಳುತ್ತಿದ್ದ ಕಾಳಿಂಗಯ್ಯನಿಗೆ ತಾನು ತೂಗಲಾರದ ವಸ್ತು ಲೋಕದಲ್ಲೇ ಇಲ್ಲ ಅನ್ನುವ ಜಂಬ. ಒಂದು ದಿನ ತುಂಬಿದ ಸಭೆಯಲ್ಲಿ ಎದ್ದು ನಿಂತ.

"ಪ್ರಭು, ಕುಂಬಾರ ದೊಡ್ಡಯ್ಯನ ಮಗಳು ನೀಲವ್ವ ಅರಮನೆ ಖರ್ಚಿನಲ್ಲಿ ಆರು ವರ್ಷದಿಂದ ವೈದ್ಯ ಕಲಿಯುತ್ತಿದ್ದಾಳೆ. ಆರು ನೂರು ವರಾಹ ಹೋಯಿತು. ಕೊನೆಯ ವರ್ಷಕ್ಕೆ ಇನ್ನೂ ನೂರು ಬೇಕಂತೆ. ಬೊಕ್ಕಸಕ್ಕೆ ತಿರುಗಿ ಬಂದದ್ದು ಎಷ್ಟು? ಸೊನ್ನೆ."

ನೀಲವ್ವ ತಲೆ ತಗ್ಗಿಸಿ ನಿಂತಿದ್ದಳು. ಅವಳ ಗುರು ಶಾಂತವೀರಯ್ಯನವರಿಗೆ ಎಂಬತ್ತು ವರ್ಷ.

"ನನ್ನ ಕಣ್ಣು ಮಂಜಾಗಿದೆ, ಪ್ರಭು," ಎಂದರು ಗುರುಗಳು. "ಈಕೆ ಕಲಿತು ಮುಗಿಸದಿದ್ದರೆ ನನ್ನ ನಂತರ ಊರಿಗೆ ವೈದ್ಯರೇ ಇಲ್ಲ."

"ಹಾಗಾದರೆ ತೂಗಿ ತೋರಿಸಿ," ಎಂದ ಕಾಳಿಂಗಯ್ಯ. "ತಕ್ಕಡಿಯ ಒಂದು ತಟ್ಟೆಗೆ ನೂರು ವರಾಹ, ಇನ್ನೊಂದಕ್ಕೆ ಇವಳ ವಿದ್ಯೆ. ಮುಳ್ಳು ನಡುವೆ ನಿಂತರೆ ಹಣ ಕೊಡುತ್ತೇನೆ."

ರಾಜನಿಗೂ ತಮಾಷೆ ಅನ್ನಿಸಿತು, ತಲೆಯಾಡಿಸಿಬಿಟ್ಟ. ಕಾಳಿಂಗಯ್ಯ ಅಲ್ಲೇ ಕೂತು ಆಜ್ಞೆ ಬರೆದ: ನೂರು ವರಾಹ ಸಲ್ಲುವವರೆಗೆ ನೀಲವ್ವನಿಗೆ ಏಳನೇ ವರ್ಷದ ಒಂದು ಪಾಠವನ್ನೂ ಹೇಳಕೂಡದು, ಹೇಳಿದ ಗುರುವಿಗೆ ದಂಡ.

ಆಸ್ಥಾನದ ವಿದೂಷಕ ಮಲ್ಲರಸ ಮಾತ್ರ ನಗುನಗುತ್ತಾ ಎದ್ದ. "ಹದಿನೈದು ದಿನ ಕೊಡಿ ಪ್ರಭು. ನಾನು ತೂಗಿಸುತ್ತೇನೆ."

ಮಲ್ಲರಸ ಒಂದು ಸಂಗತಿ ಕಂಡುಕೊಂಡಿದ್ದ. ಅರಮನೆ ಊಟದಲ್ಲಿ ಕಾಳಿಂಗಯ್ಯ ಬಲಗಡೆಯಿಂದಷ್ಟೇ ಅಗಿಯುತ್ತಿದ್ದ. ಮರುದಿನದಿಂದಲೇ ಬೊಕ್ಕಸಕ್ಕೆ ಒಂದು ತಟ್ಟೆ ಕಡಲೆಕಾಯಿ ಉಂಡೆ ಹೋಗತೊಡಗಿತು. ಗಟ್ಟಿ ಬೆಲ್ಲದ ಪಾಕದ್ದು, ಕಚ್ಚಿದರೆ ಹಲ್ಲಿಗೇ ಅಂಟುವಂಥದ್ದು. ಪುಕ್ಕಟೆ ಬಂದದ್ದನ್ನು ಬಿಡುವ ಆಸಾಮಿಯೇ ಕಾಳಿಂಗಯ್ಯ? ಒಂದನ್ನೂ ಉಳಿಸಲಿಲ್ಲ.

ಹದಿಮೂರನೇ ದಿನ ಅವನ ಎಡಗೆನ್ನೆ ಕಡುಬಿನ ಹಾಗೆ ಊದಿತ್ತು. ಹದಿನೈದನೇ ದಿನ ಬೆಳಿಗ್ಗೆ ತಕ್ಕಡಿಯ ಮುಂದೆ ಕೂತು ನರಳುತ್ತಿದ್ದಾಗ ಮಲ್ಲರಸ ಗುರುಗಳನ್ನೂ ನೀಲವ್ವನನ್ನೂ ಕರೆದುಕೊಂಡು ಬಂದ.

"ಅಯ್ಯೋ ತಾಯಿ, ಮೊದಲು ಇದನ್ನು ಕಿತ್ತುಬಿಡು," ಎಂದು ಕಾಳಿಂಗಯ್ಯ ಬಾಯಿ ತೆರೆದ.

ನೀಲವ್ವ ನೋಡಿದಳು. "ಕೀಳುತ್ತೇನೆ ಸ್ವಾಮಿ. ಅದು ಆರನೇ ವರ್ಷದ ಪಾಠ, ಚೆನ್ನಾಗಿ ಬರುತ್ತದೆ. ಆದರೆ ರಕ್ತ ನಿಲ್ಲಿಸುವುದು ಏಳನೇ ವರ್ಷದ ಮೊದಲ ಪಾಠ. ಅದು ನನಗೆ ಬರುವುದಿಲ್ಲ."

ಕಾಳಿಂಗಯ್ಯನ ಬಾಯಿ ಟಪ್ಪನೆ ಮುಚ್ಚಿಕೊಂಡಿತು. "ಗುರುಗಳು ಹೇಳಿಕೊಡಲಿ, ಈಗಲೇ."

"ನಾನು ಸಿದ್ಧ," ಎಂದರು ಶಾಂತವೀರಯ್ಯ.

"ಛೆ ಛೆ, ಹೇಳಕೂಡದು," ಎಂದ ಮಲ್ಲರಸ. "ನೂರು ವರಾಹ ಸಲ್ಲದೆ ಪಾಠ ಹೇಳಿದರೆ ಗುರುಗಳಿಗೆ ದಂಡ. ಆಜ್ಞೆ ನಿಮ್ಮದೇ ಅಲ್ಲವೇ? ಒಳ್ಳೆಯ ಅಕ್ಷರ ನಿಮ್ಮದು, ಮುತ್ತಿನ ಹಾಗಿದೆ."

ಅಷ್ಟರಲ್ಲಿ ಹಲ್ಲು ಮತ್ತೊಮ್ಮೆ ಚುಚ್ಚಿತು. ಕಾಳಿಂಗಯ್ಯ ಸೊಂಟದ ಚೀಲ ಬಿಚ್ಚಿ ತನ್ನ ಸ್ವಂತದ ನೂರು ವರಾಹವನ್ನು ತಕ್ಕಡಿಗೆ ಎಸೆದ. ತಟ್ಟೆ ಧಡ್ ಎಂದು ನೆಲ ಮುಟ್ಟಿತು.

ಗುರುಗಳು ಪಕ್ಕದಲ್ಲಿ ಕೂತು ಒಂದೊಂದೇ ಹೇಳಿದರು. ನೀಲವ್ವ ಕಿತ್ತಳು, ಔಷಧದ ಪುಡಿ ಒತ್ತಿದಳು, ಬಟ್ಟೆ ಇಟ್ಟಳು, ರಕ್ತ ನಿಲ್ಲುವವರೆಗೂ ಬೆರಳು ತೆಗೆಯಲಿಲ್ಲ. ನೋವು ಹೋದ ಸುಖಕ್ಕೆ ಕಾಳಿಂಗಯ್ಯನ ಕಣ್ಣಲ್ಲಿ ನೀರು ಬಂತು.

ಕಿರುಚಾಟ ಕೇಳಿ ರಾಜ ಬಂದ. ನಡೆದದ್ದನ್ನು ತಿಳಿದು ತಕ್ಕಡಿಯ ಕಡೆ ನೋಡಿದ.

"ಮಲ್ಲರಸ, ಮುಳ್ಳು ನಡುವೆ ನಿಂತಿಲ್ಲವಲ್ಲ? ಒಂದು ಕಡೆ ನೂರು ವರಾಹ ಕಾಣುತ್ತಿದೆ. ಇನ್ನೊಂದು ಕಡೆ ಖಾಲಿ. ಹುಡುಗಿಯ ವಿದ್ಯೆ ಎಲ್ಲಿ?"

"ಅದನ್ನು ಇನ್ನೂ ಹಾಕಿಯೇ ಇಲ್ಲ ಪ್ರಭು," ಎಂದ ಮಲ್ಲರಸ. "ಈ ನೂರು ವರಾಹ ಬಂದದ್ದು ಆಕೆಗೆ ಬಾರದಿದ್ದ ಒಂದೇ ಒಂದು ಪಾಠಕ್ಕೆ. ಬರುವುದನ್ನೆಲ್ಲ ಹಾಕೋಣವೆಂದರೆ, ಪಾಪ, ಕಾಳಿಂಗಯ್ಯನವರ ಹತ್ತಿರ ಚಿನ್ನ ಸಾಲದು."

ರಾಜ ಗಹಗಹಿಸಿ ನಕ್ಕ. ಏಳನೇ ವರ್ಷದ ಖರ್ಚು ಅರಮನೆಯದೇ ಎಂದ, ತಟ್ಟೆಯಲ್ಲಿದ್ದ ನೂರನ್ನು ನೀಲವ್ವನ ಹಿಂದೆ ಓದಲು ಬರುವವರಿಗೆ ಎತ್ತಿಟ್ಟ. ಆಮೇಲೆ ಕಾಳಿಂಗಯ್ಯನ ಕಡೆ ತಿರುಗಿದ.

"ನೀವೇನು ಹೇಳುತ್ತೀರಿ?"

ಕಾಳಿಂಗಯ್ಯ ಬಾಯಲ್ಲಿದ್ದ ಬಟ್ಟೆಯನ್ನು ಸ್ವಲ್ಪ ಸರಿಸಿ ಹೇಳಿದ: "ಕೊಡಿ ಪ್ರಭು, ಕೊಡಿ. ನನಗಿನ್ನೂ ಮೂವತ್ತೊಂದು ಹಲ್ಲಿದೆ."