ಮೂಷಕಪ್ಪನ ಅಂಗಡಿಯ ಸಿಸ್ಟಮ್

ಮೂಷಕಪ್ಪ ಎಂಬ ಇಲಿ ತನ್ನ ದಿನಸಿ ಅಂಗಡಿಗೆ ಹೊಸ ಸಿಸ್ಟಮ್ ಹಾಕಿಸಿದ. ಯಾವ ಗಿರಾಕಿಗೆ ಏನಿಷ್ಟ ಎಂದು ನೆನಪಿಟ್ಟುಕೊಂಡು ಕೂಗಿ ಹೇಳಲು ಒಂದು ಗಿಳಿ, ಕೂಗಿದ ಮಾಲನ್ನು ಹುಡುಕಿ ತರಲು ಇರುವೆಗಳ ಸಾಲು. ಅವುಗಳಿಗೆ ಅವನದು ಎರಡೇ ಅಪ್ಪಣೆ: "ಗಿರಾಕಿಗೆ 'ಇಲ್ಲ' ಅನ್ನಬಾರದು. ಖಾಲಿಯಾದ ಮಾಲನ್ನು ಕೂಡಲೇ ತರಿಸಬೇಕು."

ಅಳಿಲಿಗೆ ಕಡಲೆಕಾಯಿ, ಕೋತಿಗೆ ಬಾಳೆಹಣ್ಣು ಕೇಳುವ ಮೊದಲೇ ಕೈಗೆ ಬಂದವು. ವ್ಯಾಪಾರ ಏರಿತು. ಮೂಷಕಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಮೀಸೆ ತಿರುವುತ್ತಾ ಕೂತ.

ಒಂದು ದಿನ ಬೆಕ್ಕು ಬಂತು. ಎದೆ ಝಲ್ಲೆಂದರೂ, ಹೊಸ ಗಿರಾಕಿಯನ್ನು ಬಿಡುವುದುಂಟೇ ಎಂದು ಮೂಷಕಪ್ಪ ಕೈಮುಗಿದ.

"ಬನ್ನಿ ಅಕ್ಕಾವ್ರೇ, ಹಾಲು ಕೊಡಲೇ?"

"ಹಾಲು ಮನೆಯಲ್ಲೇ ಇದೆ. ನನಗೆ ಬೇಕಾದ್ದನ್ನು ಇಲ್ಲಿ ಕೇಳಲು ಸಂಕೋಚ."

"ನಮ್ಮ ಅಂಗಡಿಯಲ್ಲಿ ಎಂಥ ಸಂಕೋಚ! ಬಾಯಿಬಿಟ್ಟು ಹೇಳಿ ತಾಯಿ."

"ಹಾಗಾದರೆ ಒಂದು ಇಲಿ ಕೊಡಿ."

"ಇಲಿ ಒಂದು!" ಎಂದು ಗಿಳಿ ಕೂಗಿತು.

ಇರುವೆಗಳು ಗೋದಾಮನ್ನೆಲ್ಲ ಜಾಲಾಡಿ ಬಂದು, "ದಾಸ್ತಾನು ಒಂದೇ. ಗಲ್ಲಾಪೆಟ್ಟಿಗೆಯ ಹಿಂದಿದೆ" ಎಂದವು.

ಮೂಷಕಪ್ಪ ಗಲ್ಲಾಪೆಟ್ಟಿಗೆಯ ಕೆಳಗೆ ನುಸುಳುತ್ತಾ ಕಿರುಚಿದ: "ಲೇ ಗಿಳಿ, ಇಲ್ಲ ಅನ್ನು! ಇಲಿ ಇಲ್ಲ ಅನ್ನು!"

"ಆ ಮಾತನ್ನು ನೀವೇ ಬಿಡಿಸಿದಿರಿ, ಯಜಮಾನರೇ" ಎಂದಿತು ಗಿಳಿ, ವಿನಯದಿಂದ.

ಬೆಕ್ಕು ಬಾಯಿ ಒರೆಸಿಕೊಂಡು ಎದ್ದಾಗ ಗಿಳಿ "ಮತ್ತೆ ಬನ್ನಿ" ಎಂದು ಬೀಳ್ಕೊಟ್ಟಿತು. ಅಷ್ಟರಲ್ಲಾಗಲೇ ಇರುವೆಗಳು, ಖಾಲಿಯಾದ ಮಾಲನ್ನು ತರಿಸಲೆಂದು, ಮೂಷಕಪ್ಪನ ಷಡ್ಡಕನ ಬಿಲದ ಕಡೆಗೆ ಸಾಲಾಗಿ ಹೊರಟಿದ್ದವು.